ನೀರಿನ ಬಳಪ

ರಾತ್ರಿಪಾಳಿ ಮುಗಿಸಿ ಶಕ್ತಿನಗರದಿಂದ ಬಂದೆ,
ಮೂಗಿನೊಳಗೆ ಇನ್ನೂ ಕಲ್ಲಿದ್ದಲ ಪುಡಿ.
ದವಾಖಾನೆಯ ಕೆಲಸಕ್ಕೆ ಹೊರಟ ಹೆಂಡತಿ
ಹೊಸ್ತಿಲಲ್ಲೇ ನಿಂತು ಹೇಳಿದಳು:
"ಹತ್ತರ ಮ್ಯಾಲೆ ಒಬ್ಬರನ್ನೂ ಹೊರಗ ಬಿಡಬ್ಯಾಡ.
ನಿನ್ನೆ ಮೂರು ಕೂಸು ಬಂದಿದ್ದವು, ಬಿಸಿಲು ಬಡದು."
ಸೂಗೂರೇಶನ ಕಿಸೆಗೊಂದು ಉಳ್ಳಾಗಡ್ಡಿ,
ಪಕ್ಕದ ಮನೆಯ ತೌಫೀಕನ ಕಿಸೆಗೊಂದು,
ಕಿಸೆಯೇ ಇಲ್ಲದ ಭಾಗಿಯ ಫ್ರಾಕಿಗೆ
ಕರ್ಚೀಫಿನಲ್ಲಿ ಗಂಟು ಕಟ್ಟಿ, ಪಿನ್ನು ಹಾಕಿ, ಒಂದು.

ರಾಯಚೂರಿನಲ್ಲಿ ಮಳೆ ಬಂದರೆ ಮಕ್ಕಳನ್ನು ಹೊರಗೆ ಬಿಡುತ್ತೇವೆ.
ಕೆಟ್ಟ ಹವೆ ಅಂದರೆ ಇದು:
ಮೋಡದ ಚೂರೂ ಇಲ್ಲದ ಮೇ ತಿಂಗಳು.

ಓಣಿ ಬಾಯಿ ಮುಚ್ಚಿತು.
ನಾಯಿ ಗಟಾರಕ್ಕಿಳಿದು ಮಲಗಿತು.
ಹನ್ನೊಂದೂವರೆಗೆ ಕರೆಂಟು ಹೋಯಿತು.
ಇಡೀ ರಾತ್ರಿ ಬೆಲ್ಟಿನ ಮೇಲೆ ಕಲ್ಲಿದ್ದಲು ಹರಿಸಿ
ನಾನೇ ಕಳಿಸಿದ ಕರೆಂಟು
ಯಾವ ಊರಿನ ಯಾರ ಫ್ಯಾನು ತಿರುಗಿಸಲು ಹೋಯಿತೋ,
ನಮ್ಮ ಕೂಲರು ಎರಡು ಸಲ ಗೊರಕೆ ಹೊಡೆದು ಸುಮ್ಮನಾಯಿತು.
ಬಾಗಿಲಿಗೆ ಹಸಿ ಸೀರೆ ಇಳಿಬಿಟ್ಟೆ.
ಕಾಲು ಗಂಟೆಯಲ್ಲಿ ಅದು ಹಪ್ಪಳ.

ಅಳಗುಳಿ ಮಣೆ ತೆಗೆದೆ; ಹುಣಸೆಬೀಜ ಎಣಿಸುವಲ್ಲೇ ಜಗಳ.
ಕಣ್ಣಾಮುಚ್ಚಾಲೆಗೆ ಇರುವುದೊಂದು ಖೋಲಿ,
ಅಡಗಲು ಒಂದು ಮಂಚ, ಅದರ ಮೇಲೆ ನಾನು.
"ಯಾರು ಬಾಳ ಹೊತ್ತು ಮಲಗತೀರಿ
ಅವರಿಗೆ ಐಸ್‌ಕ್ಯಾಂಡಿ" ಎಂದು ಆಸೆ ತೋರಿಸಿದೆ.
ಮೂವರೂ ಒಂದೇ ದನಿಯಲ್ಲಿ ಅಂದರು: "ನೀನೇ ಗೆದ್ದಿ."

ಆಮೇಲೆ ಭಾಗಿ ಗಡಿಗೆಗೆ ಕೈ ಅದ್ದಿದಳು.
ಒದ್ದೆ ಬೆರಳಿಂದ ಪರಸಿ ಕಲ್ಲಿನ ಮೇಲೆ
ಆನೆಯೊಂದನ್ನು ಶುರು ಮಾಡಿದಳು.
ಸೊಂಡಿಲು ಬಂತು, ಮೊರದಂಥ ಕಿವಿ ಬಂತು,
ಬಾಲಕ್ಕೆ ಬರುವಷ್ಟರಲ್ಲಿ ಸೊಂಡಿಲಿಲ್ಲ.
"ಎಲ್ಲಿ ಹೋತು?"
"ಹೊರಗ," ಅಂದ ತೌಫೀಕ,
"ಅದಕ್ಕ ಯಾರೂ ಬೈಯಂಗಿಲ್ಲ."

ಅಷ್ಟು ಸಾಕಾಯಿತು.
ಸೂಗೂರೇಶ ರೈಲು ಬರೆದ,
ಗೋಡೆಯ ತನಕ ಡಬ್ಬಿಗೆ ಡಬ್ಬಿ ಜೋಡಿಸಿ ತಿರುಗಿ ನೋಡಿದರೆ
ಇಂಜಿನ್ನು ಆಗಲೇ ಗುಂತಕಲ್ಲು ದಾಟಿತ್ತು.
ತೌಫೀಕ ಮೊಹರಂ ಹುಲಿ ಬರೆದ,
ಪಟ್ಟೆ ಆರಿ ಬೆಕ್ಕಾಯಿತು, ಬೆಕ್ಕು ಆರಿ ಬರೀ ಮೀಸೆ.
ಮೂರು ಕೈ ಸೇರಿ ಕೃಷ್ಣಾ ನದಿ ಎಳೆದವು;
ಬೇಸಿಗೆಯ ಹೊಳೆಯ ಹಾಗೇ ಅದು
ಅಲ್ಲಲ್ಲಿ ಮಡುವಾಗಿ ನಿಂತುಬಿಟ್ಟಿತು.

ತಾನಾಗಿ ಒಂದು ಕಾಯಿದೆ ಹುಟ್ಟಿತು:
ಆರುವ ಮೊದಲು ಹೆಸರು ಹೇಳಬೇಕು.
ಹೇಳದೆ ಆರಿದರೆ ಅದು ಏನೂ ಅಲ್ಲ.
ಬದನೆಕಾಯಿ! ನಮ್ಮ ಮಾಸ್ತರು! ಚಪ್ಪಲಿ! ಅಲ್ಲ, ಹಡಗು!

ಯಾವಾಗ ಮಂಚದಿಂದ ಇಳಿದು
ಆ ಒದ್ದೆ ಕಲ್ಲಿಗೆ ಬೆನ್ನು ಕೊಟ್ಟೆನೋ ಗೊತ್ತಿಲ್ಲ.
ಕಣ್ಣು ಮುಚ್ಚಿದರೆ ಬೆಲ್ಟು, ಮುಗಿಯದ ಕಪ್ಪು ಬೆಲ್ಟು.
ಅದರ ನಡುವೆ ಹಿಮ್ಮಡಿಯ ಹತ್ತಿರ ತಣ್ಣನೆಯದೊಂದು ತಾಗಿತು.
ಭಾಗಿ ನನ್ನ ಸುತ್ತ ಗೆರೆ ಎಳೆಯುತ್ತಿದ್ದಳು.
ಮೊಣಕಾಲು, ಸೊಂಟ, ಕಂಕುಳ ಸಂದಿ.
ಹೆಗಲಿಗೆ ಬರುವಾಗ ಪಾದ ಆರುತ್ತಿತ್ತು.
ಗಡಿಗೆಗೆ ಓಡುವಳು, ಪಾದಕ್ಕೆ ಬರುವಳು,
ಪಾದದಿಂದ ಮತ್ತೆ ತಲೆಯ ಕಡೆಗೆ.
"ಆರಬ್ಯಾಡ, ಅಪ್ಪಾ. ತಡಿ, ಆರಬ್ಯಾಡ."
ನಾನು ಅಲುಗಲಿಲ್ಲ.
ನಿದ್ದೆ ಹೋಗಿತ್ತು; ಹೋದರೆ ಹೋಗಲಿ.

ಐದೂವರೆಗೆ ಹೆಂಡತಿ ಬಂದು ಗಡಿಗೆಗೆ ಲೋಟ ಇಳಿಸಿದಳು.
ಲೋಟ ತಳಕ್ಕೆ ಬಡಿಯಿತು.
"ನಳ ಬರೂದು ನಾಡದು! ಇಷ್ಟು ನೀರು ಏನು ಮಾಡಿದ್ರಿ?"
ನಾಲ್ವರೂ ನೆಲ ನೋಡಿದೆವು.
ನೆಲ, ಏನೂ ಅರಿಯದ ಹಾಗೆ, ಒಣಗಿತ್ತು.

ಉಳ್ಳಾಗಡ್ಡಿ ಎಣಿಸಿದರೆ ಎರಡೇ.
ಒಂದನ್ನು ಆನೆ ತಿಂದಿತಂತೆ.